ಒಂದು ಸ್ಲಾಟ್, ನಾಲ್ಕು ಎಸ್‌ಎಸ್‌ಡಿ: ಪಿಸಿಐಇ ಲೇನ್‌ಗಳನ್ನು ಪಾಲು ಮಾಡುವ ಪೂರ್ತಿ ವಿಧಾನ

ಕಂಪ್ಯೂಟರಿನ ಮದರ್‌ಬೋರ್ಡ್‌ನಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಜಾಗ ಎರಡೇ ಇದೆ, ಎರಡೂ ತುಂಬಿವೆ. ಕೆಳಗೆ ಗ್ರಾಫಿಕ್ಸ್ ಕಾರ್ಡ್‌ಗೆಂದು ಕೊಟ್ಟ ಉದ್ದನೆಯ 16 ಲೇನ್ ಪಿಸಿಐಇ ಸ್ಲಾಟ್ ಖಾಲಿ ಬಿದ್ದಿದೆ. ಮನೆಯಲ್ಲಿ ಸಣ್ಣ ಸರ್ವರ್ ಕಟ್ಟಿಕೊಂಡವರಿಗೂ ವಿಡಿಯೊ ಎಡಿಟ್ ಮಾಡುವವರಿಗೂ ಇದು ಮಾಮೂಲಿ ತಲೆನೋವು. ಆ ಒಂದು ಸ್ಲಾಟನ್ನೇ ಪಾಲು ಮಾಡಿ ನಾಲ್ಕು ಎನ್‌ವಿಎಂಇ (ಪಿಸಿಐಇ ಮೂಲಕ ಓಡುವ) ಎಸ್‌ಎಸ್‌ಡಿ ಕೂರಿಸಬಹುದು. ಈ ಕೆಲಸಕ್ಕೆ ಬೈಫರ್ಕೇಶನ್ ಎನ್ನುತ್ತಾರೆ.

ಕೈಕೆಲಸ ಅರ್ಧ ಗಂಟೆಯದು. ಎಡವುವುದು ಅದಕ್ಕಿಂತ ಮೊದಲೇ. ಬಹಳ ಜನ ಮೊದಲು ನಾಲ್ಕು ಎಸ್‌ಎಸ್‌ಡಿ ಹಿಡಿಯುವ ಕಾರ್ಡ್ ತರಿಸಿಕೊಂಡು, ಆಮೇಲೆ ತಮ್ಮ ಬೋರ್ಡ್ ಅದನ್ನು ಒಪ್ಪುತ್ತದಾ ಅಂತ ಹುಡುಕಲು ಶುರು ಮಾಡುತ್ತಾರೆ. ಲೇನ್‌ಗಳನ್ನು ಒಡೆಯುವುದು ಪ್ರೊಸೆಸರ್. ಒಡೆ ಎಂದು ಹೇಳುವುದು ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ. ಕಾರ್ಡ್‌ನಲ್ಲಿ ಇರುವುದು ಹೆಚ್ಚುಕಮ್ಮಿ ವೈರಿಂಗ್ ಅಷ್ಟೇ. ಅದಕ್ಕೇ ಈ ಬರಹದ ಅರ್ಧ ಭಾಗ ದುಡ್ಡು ಬಿಚ್ಚುವ ಮುಂಚೆ ಮಾಡಬೇಕಾದ ಕೆಲಸದ್ದು.

ಲೇನ್ ಲೆಕ್ಕ

ಒಂದು ಪಿಸಿಐಇ ಲೇನ್ ಅಂದರೆ ಎರಡು ಜೋಡಿ ತಂತಿ: ಕಳಿಸಲು ಒಂದು ಜೋಡಿ, ಪಡೆಯಲು ಒಂದು ಜೋಡಿ. ಮೂರನೇ ತಲೆಮಾರಿನಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 985 ಎಂಬಿ ಸಾಗಿಸುತ್ತದೆ. ನಾಲ್ಕನೇ ತಲೆಮಾರಿನಲ್ಲಿ ಅದರ ಎರಡರಷ್ಟು, ಐದರಲ್ಲಿ ಮತ್ತೆ ಎರಡರಷ್ಟು. ಎನ್‌ವಿಎಂಇ ಎಸ್‌ಎಸ್‌ಡಿ ಸಾಮಾನ್ಯವಾಗಿ ನಾಲ್ಕು ಲೇನ್ ಬಳಸುತ್ತದೆ. ಅಂದರೆ ಮೂರನೇ ತಲೆಮಾರಿನಲ್ಲಿ ಸೆಕೆಂಡಿಗೆ 3.9 ಜಿಬಿ, ನಾಲ್ಕರಲ್ಲಿ 7.9 ಜಿಬಿ ಆಸುಪಾಸು. 16 ಲೇನ್‌ನ ಸ್ಲಾಟಿಗೆ ಇಂಥವು ನಾಲ್ಕು ಸರಿಯಾಗಿ ಹೊಂದುತ್ತವೆ.

ಇದನ್ನು ಅಣ್ಣತಮ್ಮಂದಿರ ಜಮೀನು ಪಾಲು ಅಂದುಕೊಳ್ಳಿ. 16 ಗುಂಟೆಯನ್ನು ನಾಲ್ಕು ನಾಲ್ಕು ಗುಂಟೆ ಮಾಡಿ ಬೇಲಿ ಹಾಕಿದ ಮೇಲೆ, ಒಬ್ಬನ ಪಾಲು ಬೀಳು ಬಿದ್ದಿದ್ದರೂ ಇನ್ನೊಬ್ಬ ಅಲ್ಲಿ ಉಳುವಂತಿಲ್ಲ. ಲೇನ್‌ಗಳದ್ದೂ ಇದೇ ಕಥೆ. ಒಂದು ಎಸ್‌ಎಸ್‌ಡಿ ಸುಮ್ನೆ ಕೂತಿದ್ದರೆ ಅದರ ನಾಲ್ಕು ಲೇನ್ ಪಕ್ಕದ್ದಕ್ಕೆ ಸಿಗುವುದಿಲ್ಲ. ಆದರೆ ಇದರಲ್ಲಿ ಒಂದು ಅನುಕೂಲವೂ ಇದೆ. ಪ್ರತಿ ಪಾಲೂ ತನ್ನ ವೇಗವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಹಳೆಯ ಮೂರನೇ ತಲೆಮಾರಿನ ಡ್ರೈವ್ ಒಂದನ್ನು ಸೇರಿಸಿದರೆ ಉಳಿದ ಮೂರು ನಿಧಾನ ಆಗುವುದಿಲ್ಲ.

ಹೆಜ್ಜೆ 1: ಪ್ರೊಸೆಸರ್ ಎಷ್ಟು ಪಾಲು ಕೊಡುತ್ತದೆ

ಎಎಂಡಿ ಕಡೆ ಸ್ಥಿತಿ ಚೆನ್ನಾಗಿದೆ. ಹೆಸರಿನ ಕೊನೆಗೆ ಜಿ ಅಕ್ಷರ ಇಲ್ಲದ ಬಹುತೇಕ ಡೆಸ್ಕ್‌ಟಾಪ್ ರೈಜನ್‌ಗಳು, ಎಎಂ4 ಸಾಕೆಟ್ ಇರಲಿ ಎಎಂ5 ಇರಲಿ, ಗ್ರಾಫಿಕ್ಸ್ ಸ್ಲಾಟಿನ 16 ಲೇನ್‌ಗಳನ್ನು 4+4+4+4 ಆಗಿ ಒಡೆಯಬಲ್ಲವು. ಜಿ ಸರಣಿಯಲ್ಲಿ ಹುಷಾರು. ರೈಜನ್ 7 8700ಜಿ ಸ್ಲಾಟಿಗೆ ಕೊಡುವುದೇ 8 ಲೇನ್, ರೈಜನ್ 5 8500ಜಿ ಕೊಡುವುದು ಬರೀ 4. ಇಂಥ ಪ್ರೊಸೆಸರ್ ಹಾಕಿ ನಾಲ್ಕು ಎಸ್‌ಎಸ್‌ಡಿ ಕಾರ್ಡ್ ಕೂರಿಸಿದರೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜಾಗ ವ್ಯರ್ಥ.

ಇಂಟೆಲ್ ಕಡೆ ಕೈ ಬಿಗಿ. 12ನೇ ತಲೆಮಾರಿನಿಂದ 14ನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳು 16 ಲೇನನ್ನು 8+8 ಆಗಿ ಮಾತ್ರ ಒಡೆಯುತ್ತವೆ. ಅದೂ ಜೆಡ್690, ಜೆಡ್790ರಂಥ ಚಿಪ್‌ಸೆಟ್ (ಬೋರ್ಡಿನ ಸಹಾಯಕ ಚಿಪ್) ಇದ್ದಾಗ. ಬಿ660, ಬಿ760, ಎಚ್610 ಬೋರ್ಡ್‌ಗಳಲ್ಲಿ ಆ ಅವಕಾಶವೂ ಇಲ್ಲ. 6ರಿಂದ 11ನೇ ತಲೆಮಾರಿನವು 8+4+4 ತನಕ ಹೋಗುತ್ತವೆ, ಅಲ್ಲೂ ಜೆಡ್ ಸರಣಿಯ ಬೋರ್ಡ್ ಬೇಕು. 12ರಿಂದ 14ನೇ ತಲೆಮಾರಿನ ಇಂಟೆಲ್ ಇಟ್ಟುಕೊಂಡು ನಾಲ್ಕು ಎಸ್‌ಎಸ್‌ಡಿ ಕಾರ್ಡ್ ಕೊಳ್ಳಲು ಹೊರಟವರು ಇಲ್ಲೇ ನಿಲ್ಲಿ. ನಿಮಗೆ ಕಾಣುವುದು ಹೆಚ್ಚೆಂದರೆ ಎರಡು ಡ್ರೈವ್.

ಥ್ರೆಡ್‌ರಿಪ್ಪರ್, ಎಪಿಕ್, ಝಿಯಾನ್‌ನಂಥ ದೊಡ್ಡ ದರ್ಜೆಯ ಪ್ರೊಸೆಸರ್ ಇರುವವರಿಗೆ ಈ ಚಿಂತೆ ಕಮ್ಮಿ. ಹಲವು ಎಪಿಕ್ ಪ್ರೊಸೆಸರ್‌ಗಳಲ್ಲಿ 128 ಲೇನ್ ಇರುತ್ತವೆ. ಆ ಬೋರ್ಡ್‌ಗಳಲ್ಲಿ ಹೆಚ್ಚಿನ ಸ್ಲಾಟ್‌ಗಳನ್ನೂ ಬೇಕಾದಂತೆ ಒಡೆಯಬಹುದು.

ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ರೈಜನ್ 5 7600 ಥರದ್ದು. ಕಾರಣ ಸರಳ. ಎಎಂ4ನ ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಮುಖ್ಯ ಸ್ಲಾಟನ್ನು ಎಸ್‌ಎಸ್‌ಡಿಗೆ ಕೊಟ್ಟರೆ ಡಿಸ್‌ಪ್ಲೇ ಕಾರ್ಡನ್ನು ಎಲ್ಲಾದರೂ ತುರುಕಬೇಕು. 7600ರಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಒಳಗೇ ಇದೆ, 4+4+4+4 ಕೂಡ ಸಿಗುತ್ತದೆ. ಹೆಸರಿನ ಕೊನೆಗೆ ಎಫ್ ಇರುವ 7500ಎಫ್‌ನಂಥದ್ದು ಮಾತ್ರ ಬೇಡ, ಅದರಲ್ಲಿ ಗ್ರಾಫಿಕ್ಸ್ ಇಲ್ಲ.

ಹೆಜ್ಜೆ 2: ಬೋರ್ಡ್ ಮತ್ತು ಬಯಾಸ್

ಪ್ರೊಸೆಸರ್ ಒಪ್ಪಿದರೂ ಬೋರ್ಡ್ ತಯಾರಕರು ಬಯಾಸ್‌ನಲ್ಲಿ ಆಯ್ಕೆ ಕೊಟ್ಟಿರಬೇಕು. ಕೊಡದಿದ್ದರೆ ಏನೂ ಮಾಡುವಂತಿಲ್ಲ.

ಮೊದಲು ಸ್ಲಾಟ್ ನೋಡಿ. ಉದ್ದ ನೋಡಿ ಮೋಸ ಹೋಗಬೇಡಿ. 16 ಲೇನ್ ಉದ್ದದ ಸ್ಲಾಟಿನಲ್ಲಿ 4 ಲೇನಿಗೆ ಮಾತ್ರ ತಂತಿ ಎಳೆದಿರುವುದು ತೀರಾ ಸಾಮಾನ್ಯ. ಮೊಬೈಲ್ ಟಾರ್ಚ್ ಹಿಡಿದು ಸ್ಲಾಟಿನ ಒಳಗೆ ಇಣುಕಿ. ಲೋಹದ ಹಲ್ಲುಗಳು ಈ ತುದಿಯಿಂದ ಆ ತುದಿವರೆಗೆ ಇದ್ದರೆ 16, ಅರ್ಧಕ್ಕೇ ನಿಂತು ಮುಂದೆ ಬರೀ ಪ್ಲಾಸ್ಟಿಕ್ ಕಂಡರೆ 8, ಕಾಲು ಭಾಗದ ಆಸುಪಾಸಿನಲ್ಲೇ ಮುಗಿದರೆ 4. ಬೋರ್ಡಿನ ಮ್ಯಾನುಯಲ್‌ನಲ್ಲಿ ಬ್ಲಾಕ್ ಡಯಾಗ್ರಮ್ ಇದ್ದರೆ ಇನ್ನೂ ಒಳ್ಳೆಯದು. ಯಾವ ಸ್ಲಾಟ್ ಪ್ರೊಸೆಸರ್‌ಗೆ ಸೇರಿದ್ದು, ಯಾವುದು ಚಿಪ್‌ಸೆಟ್‌ಗೆ ಸೇರಿದ್ದು ಎಂದು ಅದರಲ್ಲಿ ಗೊತ್ತಾಗುತ್ತದೆ. ನಮಗೆ ಬೇಕಾದ್ದು ಪ್ರೊಸೆಸರ್‌ಗೆ ನೇರ ಸೇರಿದ ಸ್ಲಾಟ್. ಸಾಮಾನ್ಯವಾಗಿ ಅದು ಎಲ್ಲಕ್ಕಿಂತ ಮೇಲಿನದು. ಚಿಪ್‌ಸೆಟ್ ಸ್ಲಾಟ್‌ಗಳನ್ನು ಒಡೆಯುವ ಆಯ್ಕೆ ಮನೆ ಬಳಕೆಯ ಬೋರ್ಡ್‌ಗಳಲ್ಲಿ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಇನ್ನೊಂದು ಗಮನಿಸಿ. ಕೆಲವು ಬೋರ್ಡ್‌ಗಳಲ್ಲಿ ಮೊದಲ ಎರಡು ಉದ್ದ ಸ್ಲಾಟ್‌ಗಳು ಒಂದೇ 16 ಲೇನನ್ನು ಹಂಚಿಕೊಳ್ಳುತ್ತವೆ. ಎರಡನೆಯದರಲ್ಲಿ ಏನಾದರೂ ಹಾಕಿದ ಕೂಡಲೇ ಮೊದಲನೆಯದು 8ಕ್ಕೆ ಇಳಿಯುತ್ತದೆ. ಎಂ.2 ಸ್ಲಾಟ್ ತುಂಬಿದರೆ ಮೇಲಿನ ಸ್ಲಾಟ್ 8 ಆಗುವ ಬೋರ್ಡ್‌ಗಳೂ ಇವೆ. ಇದು ಮ್ಯಾನುಯಲ್‌ನ ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ.

ಈಗ ಖರ್ಚಿಲ್ಲದ ಪರೀಕ್ಷೆ. ಕಂಪ್ಯೂಟರ್ ನಿಮ್ಮ ಬಳಿಯೇ ಇದ್ದರೆ ಬಯಾಸ್‌ಗೆ ಹೋಗಿ ಆಯ್ಕೆ ಇದೆಯೋ ಇಲ್ಲವೋ ಕಣ್ಣಾರೆ ನೋಡಿ. ಒಂದೊಂದು ಕಂಪನಿ ಒಂದೊಂದು ಕಡೆ ಬಚ್ಚಿಟ್ಟಿರುತ್ತದೆ:

- ಆಸುಸ್: ಅಡ್ವಾನ್ಸ್ಡ್ ಒಳಗೆ ಆನ್‌ಬೋರ್ಡ್ ಡಿವೈಸಸ್ ಕಾನ್ಫಿಗರೇಶನ್. ಅಲ್ಲಿ 16 ಲೇನ್ ಸ್ಲಾಟಿನ ಹೆಸರಿನ ಮುಂದೆ ‘ಪಿಸಿಐಇ ರೈಡ್ ಮೋಡ್’ ಎಂಬ ಆಯ್ಕೆ.
- ಗಿಗಾಬೈಟ್: ಸೆಟಿಂಗ್ಸ್, ಐಒ ಪೋರ್ಟ್ಸ್, ಅದರಲ್ಲಿ ಬೈಫರ್ಕೇಶನ್ ಎಂದೇ ಇರುತ್ತದೆ.
- ಎಂಎಸ್‌ಐ: ಸೆಟಿಂಗ್ಸ್, ಅಡ್ವಾನ್ಸ್ಡ್, ಪಿಸಿಐಇ ಸಬ್‌ಸಿಸ್ಟಮ್ ಸೆಟಿಂಗ್ಸ್, ಲೇನ್ಸ್ ಕಾನ್ಫಿಗರೇಶನ್.
- ಸೂಪರ್‌ಮೈಕ್ರೊದ ಝಿಯಾನ್ ಬೋರ್ಡ್‌ಗಳು: ಚಿಪ್‌ಸೆಟ್ ಕಾನ್ಫಿಗರೇಶನ್ ಒಳಗಿನ ಐಐಒ ಕಾನ್ಫಿಗರೇಶನ್.

ಬಯಾಸ್ ಆವೃತ್ತಿ ಬದಲಾದಂತೆ ಹೆಸರು ಸ್ವಲ್ಪ ಆಚೀಚೆ ಆಗಬಹುದು. ಹಳೆಯ ಆವೃತ್ತಿಯಲ್ಲಿ ಇಲ್ಲದ್ದು ಹೊಸದರಲ್ಲಿ ಬಂದಿರುವುದೂ ಉಂಟು. ಆದ್ದರಿಂದ ‘ಇಲ್ಲ’ ಎಂದು ತೀರ್ಮಾನಿಸುವ ಮುಂಚೆ ಒಮ್ಮೆ ಅಪ್‌ಡೇಟ್ ಮಾಡಿ ನೋಡಿ. ಆಸುಸ್‌ನ ‘ರೈಡ್ ಮೋಡ್’ ಹೆಸರು ನೋಡಿ ಗಾಬರಿ ಬೇಡ. ಅದು ಲೇನ್ ಒಡೆಯುತ್ತದೆ ಅಷ್ಟೇ. ಡ್ರೈವ್‌ಗಳನ್ನು ಒಟ್ಟುಗೂಡಿಸುವ ರೈಡ್ ಬೇರೆಯ ಸೆಟಿಂಗ್, ಅದನ್ನು ಮುಟ್ಟದಿದ್ದರೆ ನಾಲ್ಕು ಡ್ರೈವ್ ಬೇರೆಬೇರೆಯಾಗಿಯೇ ಕಾಣುತ್ತವೆ.

ಹೆಜ್ಜೆ 3: ಕಾರ್ಡ್ ಆರಿಸುವುದು

ಎರಡು ಜಾತಿ ಇವೆ. ಒಂದು, ಬರೀ ವೈರಿಂಗ್ ಇರುವ ಸಾದಾ ಕಾರ್ಡ್. ಆಸುಸ್ ಹೈಪರ್ ಎಂ.2, ಎಎಸ್‌ರಾಕ್ ಹೈಪರ್ ಕ್ವಾಡ್ ಎಂ.2, ಹೆಸರಿಲ್ಲದ ಚೀನಾ ಕಾರ್ಡ್‌ಗಳು ಎಲ್ಲ ಇದೇ ಜಾತಿ. ಬೋರ್ಡ್ ಒಡೆದುಕೊಟ್ಟರೆ ಮಾತ್ರ ಇವು ಕೆಲಸ ಮಾಡುತ್ತವೆ. ಇನ್ನೊಂದು, ಪಿಸಿಐಇ ಸ್ವಿಚ್ ಚಿಪ್ ಇರುವ ಕಾರ್ಡ್. ಬ್ರಾಡ್‌ಕಾಮ್‌ನ ಪಿಎಲ್‌ಎಕ್ಸ್ ಸರಣಿ, ಎಎಸ್‌ಮೀಡಿಯಾದ ಎಎಸ್‌ಎಂ2824 ಇಂಥ ಚಿಪ್‌ಗಳು. ಇಲ್ಲಿ ಬೇಲಿ ಇಲ್ಲ, ಯಾರಿಗೆ ಬೇಕೋ ಅವರು ಬಳಸಿಕೊಳ್ಳುತ್ತಾರೆ. ಬಯಾಸ್‌ನ ಹಂಗೂ ಇಲ್ಲ. ಆದರೆ ಬೆಲೆ ಸಾದಾ ಕಾರ್ಡಿನ ಹಲವು ಪಟ್ಟು, ಬಿಸಿಯೂ ಜಾಸ್ತಿ. ಬೋರ್ಡ್ ಒಡೆಯಲು ಒಪ್ಪದಿದ್ದಾಗ ಇದೇ ದಾರಿ. ಒಪ್ಪುವುದಾದರೆ ಸ್ವಿಚ್‌ಗೆ ದುಡ್ಡು ಸುರಿಯುವುದು ದಂಡ.

ಸಾದಾ ಕಾರ್ಡ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೊಳ್ಳುವಾಗ ಕಾರ್ಡನ್ನು, ಆನ್‌ಲೈನ್ ಆದರೆ ಅದರ ಫೋಟೊವನ್ನು, ಹತ್ತಿರದಿಂದ ನೋಡಿ. ಸ್ಲಾಟಿನ 3.3 ವೋಲ್ಟ್ ಲೈನ್‌ನಿಂದ 3 ಆಂಪ್, ಅಂದರೆ 9.9 ವ್ಯಾಟ್ ಮಾತ್ರ ಎಳೆಯಬಹುದು. ಎಂ.2 ಡ್ರೈವ್‌ಗಳು ಓಡುವುದು 3.3 ವೋಲ್ಟ್‌ನಲ್ಲೇ. ವೇಗದ ಡ್ರೈವ್ ಜೋರಾಗಿ ಬರೆಯುವಾಗ ಒಂದೇ 6-8 ವ್ಯಾಟ್ ತಿನ್ನುವುದುಂಟು. ನಾಲ್ಕು ಸೇರಿದರೆ ಆ ಲೈನ್ ಎಲ್ಲಿ ಸಾಲುತ್ತದೆ? ಅದಕ್ಕೇ ಒಳ್ಳೆಯ ಕಾರ್ಡ್‌ನಲ್ಲಿ 12 ವೋಲ್ಟನ್ನು 3.3ಕ್ಕೆ ಇಳಿಸುವ ಸರ್ಕ್ಯೂಟ್ ಇರುತ್ತದೆ. ಗುರುತು ಸುಲಭ: ಬೂದು ಅಥವಾ ಕಪ್ಪು ಬಣ್ಣದ, ಚೌಕಾಕಾರದ ಸಣ್ಣ ಇಂಡಕ್ಟರ್‌ಗಳು, ಮೇಲೆ ‘ಆರ್47’, ‘1ಆರ್0’ ಥರದ ಗುರುತು. ಕಾರ್ಡ್ ಮೇಲೆ ಬರೀ ನಾಲ್ಕು ಕನೆಕ್ಟರ್, ಎಲ್‌ಇಡಿ, ಸಣ್ಣ ಕೆಪಾಸಿಟರ್ ಮಾತ್ರ ಕಂಡರೆ ಬಿಟ್ಟುಬಿಡಿ. ಅಂಥದ್ದರಲ್ಲಿ ನಾಲ್ಕೂ ಡ್ರೈವ್ ಕಾಣುತ್ತವೆ, ಆದರೆ ದೊಡ್ಡ ಫೈಲ್ ಕಾಪಿ ಮಾಡುವಾಗ ಒಂದು ಮಾಯವಾಗುತ್ತದೆ.

ಕ್ಲಾಕ್ ಚಿಪ್ ಇದೆಯಾ ಎಂದೂ ನೋಡಿ. ಸ್ಲಾಟ್ ಕೊಡುವ 100 ಮೆಗಾಹರ್ಟ್ಸ್ ಕ್ಲಾಕ್ ಒಂದೇ. ನಾಲ್ಕು ಡ್ರೈವ್‌ಗೂ ಅದು ತಲುಪಬೇಕಾದರೆ ಕಾರ್ಡ್ ಮೇಲೆ ಬಫರ್ ಚಿಪ್ ಇರಬೇಕು.

ಇನ್ನು ಸಣ್ಣಪುಟ್ಟವು. ನಾಲ್ಕನೇ ತಲೆಮಾರಿನ ಡ್ರೈವ್ ಇದ್ದರೆ ಕಾರ್ಡೂ ನಾಲ್ಕನೇ ತಲೆಮಾರಿಗೆ ಮಾಡಿದ್ದಾಗಿರಲಿ. ಈ ಕಾರ್ಡ್‌ಗಳಲ್ಲಿ ಹಳೆಯ ಸಾಟಾ ವಿಧಾನದ ಎಂ.2 ಎಸ್‌ಎಸ್‌ಡಿ ಓಡುವುದಿಲ್ಲ, ಎನ್‌ವಿಎಂಇ ಮಾತ್ರ. ಎಸ್‌.ಪಿ. ರೋಡಿನ ಅಂಗಡಿಯಲ್ಲಿ ಕೊಳ್ಳುವವರು ‘ನಾಲ್ಕು ಎಂ.2 ಕಾರ್ಡ್’ ಅಂತ ಮಾತ್ರ ಕೇಳಬೇಡಿ. ಒಂದು ಎನ್‌ವಿಎಂಇ, ಉಳಿದದ್ದು ಸಾಟಾ ಇರುವ ಕಲಬೆರಕೆ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ‘ನಾಲ್ಕೂ ಎನ್‌ವಿಎಂಇ, 16 ಲೇನ್’ ಎಂದು ಬಿಡಿಸಿ ಹೇಳಿ.

ಹೆಜ್ಜೆ 4: ಕೂರಿಸುವುದು

ಕ್ರಮ ಮುಖ್ಯ. ಮೊದಲು ಬಯಾಸ್, ಆಮೇಲೆ ಕಾರ್ಡ್. ಸ್ಲಾಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದಾಗಲೇ 4+4+4+4 ಎಂದು ಸೆಟ್ ಮಾಡಿದರೂ ಅಪಾಯ ಏನಿಲ್ಲ. ಆ ಕಾರ್ಡ್ ಬರೀ ನಾಲ್ಕು ಲೇನ್‌ನಲ್ಲಿ ಓಡುತ್ತದೆ, ಡಿಸ್‌ಪ್ಲೇ ಬರುತ್ತದೆ. ಹಳೆಯ ಬೂಟ್ ವ್ಯವಸ್ಥೆಯಾದ ಸಿಎಸ್‌ಎಂ ಆನ್ ಇದ್ದರೆ ಆಫ್ ಮಾಡಿ, ಆದರೆ ನಿಮ್ಮ ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನದಲ್ಲಿ ಇನ್‌ಸ್ಟಾಲ್ ಆಗಿದೆಯೇ ಎಂದು ನೋಡಿಕೊಂಡು. ಸೇವ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ.

ಪವರ್ ಸಪ್ಲೈ ಹಿಂದಿನ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ.

ಕಾರ್ಡ್‌ಗೆ ಡ್ರೈವ್ ಹಾಕುವುದನ್ನು ಮೇಜಿನ ಮೇಲೇ ಮುಗಿಸಿ. ಡ್ರೈವನ್ನು ಓರೆಯಾಗಿ ಕನೆಕ್ಟರ್‌ಗೆ ತೂರಿಸಿ, ಚಿನ್ನದ ಬಣ್ಣದ ಅಂಚು ಹೊರಗೆ ಕಾಣದಷ್ಟು ಒಳಗೆ ಹೋದ ಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂ ತೀರಾ ಸಣ್ಣದು, ಬಿಗಿ ಆಯಿತು ಅನಿಸಿದ ಕೂಡಲೇ ನಿಲ್ಲಿಸಿ. ಹೀಟ್‌ಸಿಂಕ್‌ನ ಥರ್ಮಲ್ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಪದರ ತೆಗೆಯುವುದು ಮರೆಯಬೇಡಿ. ಯಾವ ಜಾಗದಲ್ಲಿ ಯಾವ ಡ್ರೈವ್ ಎಂದು ಸೀರಿಯಲ್ ನಂಬರ್ ಸಮೇತ ಬರೆದಿಟ್ಟುಕೊಳ್ಳಿ. ಮುಂದೆ ಒಂದು ಕೆಟ್ಟಾಗ ಈ ಚೀಟಿ ಕೆಲಸಕ್ಕೆ ಬರುತ್ತದೆ. ಆಮೇಲೆ ಕಾರ್ಡನ್ನು ಸ್ಲಾಟಿಗೆ ಕೂರಿಸಿ.

ಬೂಟ್ ಡ್ರೈವನ್ನು ಈ ಕಾರ್ಡ್ ಮೇಲೆ ಇಡಬೇಡಿ. ಬೋರ್ಡಿನ ಸ್ವಂತ ಎಂ.2 ಸ್ಲಾಟಿನಲ್ಲೇ ಇರಲಿ. ಕಾರಣ ಕೊನೆಗೆ ಹೇಳುತ್ತೇನೆ.

ಹೆಜ್ಜೆ 5: ನಿಜವಾಗಿ ಎಷ್ಟು ಲೇನ್ ಸಿಕ್ಕಿದೆ

ಡ್ರೈವ್ ಕಂಡಿತು ಅಂತ ಕ್ಯಾಬಿನೆಟ್ ಮುಚ್ಚಬೇಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದರೆ ‘ಟ್ರಾನ್ಸ್‌ಫರ್ ಮೋಡ್’ ಎಂಬಲ್ಲಿ ಎರಡು ಅಂಕಿ ಇರುತ್ತವೆ. ಎಡಗಡೆಯದು ಈಗ ಓಡುತ್ತಿರುವ ವೇಗ ಮತ್ತು ಲೇನ್, ಬಲಗಡೆಯದು ಡ್ರೈವ್‌ನ ಸಾಮರ್ಥ್ಯ. ಎರಡೂ ಒಂದೇ ಆಗಿದ್ದರೆ ಸರಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ರೂಟ್ ಆಗಿ, ಪೂರ್ತಿ ವಿವರ ಕೊಡುವ ಆಯ್ಕೆಯೊಂದಿಗೆ ಓಡಿಸಿ. ಪ್ರತಿ ಡ್ರೈವ್‌ನ ಕೆಳಗೆ ಲಿಂಕ್ ಸಾಮರ್ಥ್ಯದ ಸಾಲು, ಲಿಂಕ್ ಸ್ಥಿತಿಯ ಸಾಲು ಬರುತ್ತವೆ. ಸ್ಥಿತಿಯ ಸಾಲಿನಲ್ಲಿ ವೇಗ 16 ಜಿಟಿ, ಅಗಲ 4 ಎಂದಿದ್ದರೆ ನಾಲ್ಕನೇ ತಲೆಮಾರು ಪೂರ್ತಿ ಸಿಕ್ಕಿದೆ. 8 ಜಿಟಿ ಎಂದರೆ ಮೂರನೆಯದು. ‘ಡೌನ್‌ಗ್ರೇಡೆಡ್’ ಎಂದು ಪಕ್ಕದಲ್ಲೇ ಬರೆದಿದ್ದರೆ ಏನೋ ಕೊರತೆ ಇದೆ.

ಆಮೇಲೆ ನಾಲ್ಕೂ ಡ್ರೈವ್‌ಗೆ ಒಟ್ಟಿಗೆ ದೊಡ್ಡ ಫೈಲ್ ಬರೆದು ಉಷ್ಣಾಂಶ ನೋಡಿ. ಮನೆ ಬಳಕೆಯ ಎಸ್‌ಎಸ್‌ಡಿಗಳಿಗೆ ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್ ಮಿತಿ ಹೇಳಿರುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದ ಕಾರ್ಡ್ ಆ ಗಡಿ ದಾಟುವುದು ಕಷ್ಟವೇನಲ್ಲ. ಕಾರ್ಡ್‌ನ ಸಣ್ಣ ಫ್ಯಾನ್ ಕಿರಿಕಿರಿ ಅನಿಸಿದರೆ ಕ್ಯಾಬಿನೆಟ್‌ನ ದೊಡ್ಡ ಫ್ಯಾನೊಂದನ್ನು ಆ ಕಡೆ ತಿರುಗಿಸಿ.

ಎಲ್ಲ ಡ್ರೈವ್ ಕಾಣದಿದ್ದರೆ

ಎಷ್ಟು ಕಾಣುತ್ತಿವೆ, ಯಾವ ಜಾಗದ್ದು ಕಾಣುತ್ತಿದೆ ಎಂಬುದೇ ಉತ್ತರ ಹೇಳುತ್ತದೆ.

ಮೊದಲನೆಯದು ಮಾತ್ರ ಕಂಡರೆ ಹೆಚ್ಚಾಗಿ ಸ್ಲಾಟ್ ಒಡೆದೇ ಇಲ್ಲ. ಬಯಾಸ್ ಸೆಟಿಂಗ್ ಸೇವ್ ಆಗಿಲ್ಲ, ಅಥವಾ ನೀವು ಬದಲಾಯಿಸಿದ್ದು ಬೇರೆ ಸ್ಲಾಟಿನದು. 1 ಮತ್ತು 3 ಕಂಡು 2 ಮತ್ತು 4 ಕಾಣದಿದ್ದರೆ ಸ್ಲಾಟ್ 8+8ರಲ್ಲಿ ಇದೆ. 1, 3, 4 ಕಂಡು 2 ಕಾಣದಿದ್ದರೆ 8+4+4. 1 ಮತ್ತು 2 ಮಾತ್ರ ಕಂಡರೆ ಸ್ಲಾಟಿಗೆ ಎಂಟೇ ಲೇನ್ ಬರುತ್ತಿದೆ. ಜಿ ಸರಣಿಯ ಪ್ರೊಸೆಸರ್ ಇರಬಹುದು, ಇಲ್ಲವೇ ಎರಡನೇ ಸ್ಲಾಟ್ ಉಳಿದರ್ಧ ಕಿತ್ತುಕೊಂಡಿರಬಹುದು. ಕಾರ್ಡ್ ಮೇಲಿನ ಅಂಕಿಗಳು ಕೆಲವು ತಯಾರಕರಲ್ಲಿ ಉಲ್ಟಾ ಇರುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಈ ಯಾವ ಮಾದರಿಗೂ ಹೊಂದದೆ ಒಂದೇ ಒಂದು ಕಾಣದಿದ್ದರೆ ಅದನ್ನು ಪಕ್ಕದ ಜಾಗದ ಡ್ರೈವ್ ಜೊತೆ ಅದಲು ಬದಲು ಮಾಡಿ. ಸಮಸ್ಯೆ ಡ್ರೈವ್ ಜೊತೆ ಹೋದರೆ ಡ್ರೈವ್ ಕೆಟ್ಟಿದೆ, ಜಾಗದಲ್ಲೇ ಉಳಿದರೆ ಕಾರ್ಡ್ ಸರಿ ಇಲ್ಲ.

ಎಲ್ಲ ಕಂಡೂ ಆಗಾಗ ಒಂದು ಕಳಚಿಕೊಳ್ಳುತ್ತಿದ್ದರೆ ಸಿಗ್ನಲ್ ಅಥವಾ ಪವರ್ ಮೇಲೆ ಅನುಮಾನ ಪಡಿ. ಲಿನಕ್ಸ್‌ನ ಕರ್ನಲ್ ಲಾಗ್‌ನಲ್ಲಿ ‘ಪಿಸಿಐಇ ಬಸ್ ಎರರ್’, ‘ಕರೆಕ್ಟೆಡ್’ ಎಂಬ ಸಾಲುಗಳು ಮಳೆಯಂತೆ ಬರುತ್ತಿದ್ದರೆ, ಬಯಾಸ್‌ನಲ್ಲಿ ಆ ಸ್ಲಾಟಿನ ವೇಗವನ್ನು ‘ಆಟೊ’ದಿಂದ ಮೂರನೇ ತಲೆಮಾರಿಗೆ ಇಳಿಸಿ. ಸಾಲು ನಿಂತರೆ ಕಾರ್ಡ್ ಆ ವೇಗಕ್ಕೆ ತಕ್ಕದ್ದಲ್ಲ. ಮನೆಯ ನೆಟ್‌ವರ್ಕ್ ಸರ್ವರ್‌ಗೆ ಮೂರನೇ ತಲೆಮಾರೇ ಧಾರಾಳ, ಹಾಗೇ ಬಿಡಬಹುದು.

ಗ್ರಾಫಿಕ್ಸ್ ಕಾರ್ಡೂ ಬೇಕು ಅನ್ನುವವರಿಗೆ

ಒಂದೇ ಸ್ಲಾಟ್ ಇರುವ ಪುಟ್ಟ ಐಟಿಎಕ್ಸ್ ಬೋರ್ಡ್‌ನಲ್ಲಿ 8+4+4 ಒಳ್ಳೆಯ ಪಾಲು: ಎಂಟು ಗ್ರಾಫಿಕ್ಸ್‌ಗೆ, ನಾಲ್ಕು ನಾಲ್ಕು ಎರಡು ಎಸ್‌ಎಸ್‌ಡಿಗೆ. ಇದಕ್ಕೆ ಬೇರೆಯದೇ ರೈಸರ್ (ಒಂದು ಸ್ಲಾಟನ್ನು ಹಲವು ಕವಲು ಮಾಡುವ ಅಡಾಪ್ಟರ್) ಬೇಕು. ಆರ್‌ಟಿಎಕ್ಸ್ 4060, 4060 ಟಿಐ, ಆರ್‌ಎಕ್ಸ್ 6600ರಂಥ ಕಾರ್ಡ್‌ಗಳು ಹೇಗೂ ಬಳಸುವುದೇ ಎಂಟು ಲೇನ್. 16 ಲೇನ್ ಸ್ಲಾಟಿನಲ್ಲಿ ಉಳಿದ ಎಂಟು ಸುಮ್ಮನೆ ಕೂತಿರುತ್ತವೆ. ಇದನ್ನೇ ಬಳಸಿಕೊಂಡು ಆಸುಸ್ 2023ರಲ್ಲಿ ಬೆನ್ನ ಮೇಲೆ ಎಂ.2 ಜಾಗ ಇರುವ 4060 ಟಿಐ ಕಾರ್ಡನ್ನೇ ತಂದಿತು. ಅದಕ್ಕೂ ಬೋರ್ಡ್ ಒಡೆದುಕೊಡಲೇಬೇಕು.

ಮನೆಯಲ್ಲೇ ಎಐ ಮಾಡೆಲ್ ಓಡಿಸಲು ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವವರು 8+8 ಬಳಸುತ್ತಾರೆ. ಅಂಥವರು ಬಯಾಸ್‌ನಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಆನ್ ಮಾಡಿ. ರೈಸರ್‌ಗೆ ಪ್ರತ್ಯೇಕ ಪವರ್ ಬೇಕಾದಾಗ ಸಾಟಾ ಪವರ್ ಕನೆಕ್ಟರ್ ಬಳಸಲೇಬೇಡಿ. ಅದರ 12 ವೋಲ್ಟ್ ಪಿನ್ ಮೂರು, ತಲಾ 1.5 ಆಂಪ್, ಒಟ್ಟು 54 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನ 12 ವೋಲ್ಟ್‌ನಿಂದ 66 ವ್ಯಾಟ್ ತನಕ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಹೊಗೆ ಬರುವುದು ಇಂಥ ಕಡೆಯೇ. ಆರು ಪಿನ್‌ನ ಪಿಸಿಐಇ ಕನೆಕ್ಟರ್ ಇರುವ ರೈಸರ್ ತೆಗೆದುಕೊಳ್ಳಿ.

ಪಾಲುಗಳಲ್ಲಿ ಎಸ್‌ಎಸ್‌ಡಿಯನ್ನೇ ಹಾಕಬೇಕು ಎಂದೇನಿಲ್ಲ. ಜೆಎಂಬಿ585 ಚಿಪ್‌ನ ಎಂ.2 ಕಾರ್ಡ್ ಹಾಕಿದರೆ ಐದು ಸಾಟಾ ಪೋರ್ಟ್, ಎಎಸ್‌ಎಂ1166 ಹಾಕಿದರೆ ಆರು. ಇವು ಬಳಸುವುದು ಎರಡೇ ಲೇನ್. ಉಳಿದೆರಡು ದಂಡವಾದರೂ ಪರವಾಗಿಲ್ಲ, ಮನೆ ಬಳಕೆಯ ಬೋರ್ಡ್‌ಗಳಲ್ಲಿ ನಾಲ್ಕಕ್ಕಿಂತ ಚಿಕ್ಕ ಪಾಲು ಸಿಗುವುದು ಅಪರೂಪ.

ಬಯಾಸ್ ಅಪ್‌ಡೇಟ್ ದಿನ

ಬೂಟ್ ಡ್ರೈವ್ ವಿಷಯ ಬಾಕಿ ಇತ್ತಲ್ವಾ. ಬಯಾಸ್ ಅಪ್‌ಡೇಟ್ ಮಾಡಿದಾಗ, ಅಥವಾ ಬೋರ್ಡಿನ ಬ್ಯಾಟರಿ ಸತ್ತಾಗ, ಸೆಟಿಂಗ್‌ಗಳು ಹಳೆಯದಕ್ಕೆ ಮರಳುತ್ತವೆ. ಸ್ಲಾಟ್ ಮತ್ತೆ ಇಡಿಯಾಗುತ್ತದೆ. ನಾಲ್ಕರಲ್ಲಿ ಮೂರು ಡ್ರೈವ್ ಕಣ್ಮರೆ. ಬೂಟ್ ಡ್ರೈವ್ ಆ ಮೂರರಲ್ಲಿ ಒಂದಾಗಿದ್ದರೆ ಕಂಪ್ಯೂಟರ್ ಏಳುವುದೇ ಇಲ್ಲ. ಬೋರ್ಡ್ ಮೇಲೆ ಇದ್ದರೆ ಏಳುತ್ತದೆ, ಆದರೆ ರೈಡ್ ಅಥವಾ ಝಡ್‌ಎಫ್‌ಎಸ್ ಪೂಲ್ (ಹಲವು ಡ್ರೈವ್ ಒಂದಾಗಿಸಿದ ಗುಂಪು) ಕೆಟ್ಟುಹೋಗಿದೆ ಎಂದು ಕೂಗುತ್ತದೆ. ಆಗ ‘ರಿಪೇರಿ’, ‘ಇನಿಶಿಯಲೈಸ್’, ‘ಫಾರ್ಮ್ಯಾಟ್’ ಯಾವುದನ್ನೂ ಒತ್ತಬೇಡಿ. ಡೇಟಾ ಎಲ್ಲಿತ್ತೋ ಅಲ್ಲೇ ಇದೆ. ಶಟ್‌ಡೌನ್ ಮಾಡಿ, ಬಯಾಸ್‌ಗೆ ಹೋಗಿ ಮತ್ತೆ 4+4+4+4 ಮಾಡಿ, ಸೇವ್ ಮಾಡಿ. ಸಾಮಾನ್ಯವಾಗಿ ಪೂಲ್ ತಾನಾಗಿಯೇ ಎದ್ದುಕೊಳ್ಳುತ್ತದೆ. ಮುಂದಿನ ಅಪ್‌ಡೇಟ್‌ಗೆ ಮೊದಲು ಆ ಸೆಟಿಂಗ್ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಪೂಲನ್ನು ಎಕ್ಸ್‌ಪೋರ್ಟ್ ಮಾಡಿ (ಸಿಸ್ಟಮ್‌ನಿಂದ ಸುರಕ್ಷಿತವಾಗಿ ಬಿಡಿಸಿ), ಆಮೇಲೆ ಅಪ್‌ಡೇಟ್‌ಗೆ ಕೈ ಹಾಕಿ.